ಮಳೆಕಾಡಿನ ಹವೆಯಲ್ಲಿ ಕುರಿ ಶೆಡ್: ಅಟ್ಟಣಿಗೆ ಆಯಿತು, ಮುಂದೆ ಚಾವಣಿ

ಅಟ್ಟಣಿಗೆ ಕೆಲಸ ಮುಗಿಯಿತು. ಕುರಿಗಳು ಈಗ ನೆಲದಿಂದ ಒಂದು ಮೀಟರ್ ಮೇಲೆ, ಮರದ ಪಟ್ಟಿಗಳ ಮೇಲಿವೆ. ಪಟ್ಟಿಗಳ ನಡುವೆ ಒಂದೂವರೆ ಸೆಂಟಿಮೀಟರ್ ಸಂದು. ಹಿಕ್ಕೆ ಕೆಳಗೆ ಉದುರಬೇಕು, ಮರಿಯ ಕಾಲು ಸಿಕ್ಕಿಕೊಳ್ಳಬಾರದು, ಅಷ್ಟೇ.

ಈ ಹವೆಯಲ್ಲಿ ಸೆಕೆಗಿಂತ ತೇವದ ಕಾಟವೇ ಜಾಸ್ತಿ. ಕುರಿ ಮೈಯ ಬಿಸಿ ಇಳಿಸಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ. ಗಾಳಿಯಲ್ಲೇ ನೀರು ತುಂಬಿದ್ದರೆ ಉಸಿರಿನ ತೇವ ಆರುವುದೆಲ್ಲಿ? ಹಾಗಾಗಿ ಥರ್ಮಾಮೀಟರ್ ಒಂದನ್ನೇ ನಂಬುವುದಿಲ್ಲ. ಮಲಗಿದ ಕುರಿಯ ಪಕ್ಕೆ ನೋಡುತ್ತಾ ಉಸಿರು ಎಣಿಸುತ್ತೇನೆ. ಆರಾಮಾಗಿದ್ದರೆ ನಿಮಿಷಕ್ಕೆ 15ರಿಂದ 30. ಮಧ್ಯಾಹ್ನ 80 ದಾಟಿತು ಅಂದರೆ ಅದಕ್ಕೆ ತುಂಬಾ ಕಷ್ಟವಾಗುತ್ತಿದೆ. ಮೇವು ಅರಗುವಾಗಲೂ ಹೊಟ್ಟೆಯೊಳಗೆ ಬಿಸಿ ಹುಟ್ಟುತ್ತದೆ. ಅದಕ್ಕೇ ಹೆಚ್ಚಿನ ಮೇವನ್ನು ಬೆಳಗಿನ ಜಾವ ಮತ್ತು ಸಂಜೆಗೆ ಬದಲಿಸಿದ್ದೇನೆ.

ಗಂಜಲದ ಘಾಟು ನಿಂತವರಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಮಂಡಿಯೂರಿ, ಮರಿಯ ಮೂಗಿನ ಮಟ್ಟಕ್ಕೆ ತಲೆ ತಗ್ಗಿಸಿ ನೋಡಬೇಕು. ಅಲ್ಲಿ ಕಣ್ಣು ಉರಿದರೆ ಅಮೋನಿಯಾ ಮಿತಿಮೀರಿದೆ. ಸಾಮಾನ್ಯವಾಗಿ ಹೇಳುವ ಮಿತಿ 25 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ 25 ಭಾಗ. ಅಮೋನಿಯಾ ಉಸಿರುನಾಳದ ಒಳಪೊರೆಯನ್ನು ಕೆಡಿಸುತ್ತದೆ. ಆಮೇಲೆ ಮೂಗಿನಲ್ಲಿ ಸುಮ್ನೆ ಇದ್ದ ರೋಗಾಣುಗಳು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರುತ್ತವೆ. ಇರಚಲಿಗೆ ಹೆದರಿ ಪಕ್ಕದ ಗೋಡೆಗಳನ್ನು ಪ್ಲಾಸ್ಟಿಕ್ ಹಾಕಿ ಮುಚ್ಚುವುದು ನನಗೆ ಒಪ್ಪಿಗೆಯಿಲ್ಲ. ಸೂರು ಉದ್ದ ಮಾಡಿದರೆ ಮಳೆ ಹೊರಗೇ ನಿಲ್ಲುತ್ತದೆ, ಗಾಳಿ ಒಳಗೆ ಬರುತ್ತದೆ.

ಜಂತುಹುಳುವಿನ ವಿಷಯಕ್ಕೆ ಬರುತ್ತೇನೆ. ರಕ್ತ ಹೀರುವ ಹಿಮೋಂಕಸ್ ಹುಳುವಿಗೆ ಬೆಚ್ಚಗಿನ ತೇವ ಹೇಳಿ ಮಾಡಿಸಿದ ಜಾಗ. ಒಂದೊಂದು ಹೆಣ್ಣು ಹುಳು ದಿನಕ್ಕೆ ಸಾವಿರಾರು ಮೊಟ್ಟೆ ಇಡುತ್ತದೆ. ಹಿಕ್ಕೆಯಲ್ಲಿ ಅವು ಒಡೆದು ಸುಮಾರು ಒಂದು ವಾರದಲ್ಲಿ ಸೋಂಕು ತರುವ ಮರಿಹುಳುಗಳಾಗುತ್ತವೆ. ಅಟ್ಟಣಿಗೆ ಕುರಿಯ ಬಾಯಿಯನ್ನು ಹಿಕ್ಕೆಯಿಂದ ದೂರ ಇಟ್ಟಿತು, ನಿಜ. ಆದರೆ ಅದೇ ಹಸಿ ಗೊಬ್ಬರವನ್ನು ಹುಲ್ಲಿನ ಮಡಿಗೆ ಹಾಕಿದರೆ, ಕೊಯ್ದ ಹುಲ್ಲಿನ ಜೊತೆ ಹುಳು ವಾಪಸ್ ಬರುತ್ತದೆ ಅಲ್ವಾ? ಹಾಗಾಗಿ ಗೊಬ್ಬರ ಮೊದಲು ರಾಶಿಯಲ್ಲಿ ಬಿಸಿಯೇರಿ ಕೊಳೆಯಬೇಕು.

ಎಲ್ಲಕ್ಕೂ ಒಟ್ಟಿಗೆ ಔಷಧಿ ಕುಡಿಸುತ್ತಿಲ್ಲ. ಹೆಬ್ಬೆರಳಿನಿಂದ ಕೆಳರೆಪ್ಪೆ ಎಳೆದು ಒಳಗಿನ ಬಣ್ಣ ನೋಡುತ್ತೇನೆ. ಹುಳು ರಕ್ತ ಹೀರಿದಷ್ಟೂ ಅದು ಬಿಳುಚುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ರೂಪುಗೊಂಡ ಫಮಾಚಾ ಎಂಬ ರೆಪ್ಪೆ ಬಣ್ಣದ ಚಾರ್ಟಿನಲ್ಲಿ 1 ಅಂದರೆ ಕಡುಗೆಂಪು, 5 ಅಂದರೆ ಹೆಚ್ಚುಕಡಿಮೆ ಬಿಳಿ. ಬಿಳುಚಿಕೊಂಡವಕ್ಕೆ ಮಾತ್ರ ಔಷಧಿ. ಎಲ್ಲಕ್ಕೂ ಪದೇ ಪದೇ ಕುಡಿಸಿದರೆ ಔಷಧಿಗೆ ಜಗ್ಗದ ಹುಳುಗಳೇ ಉಳಿಯುತ್ತವೆ. ಒಂದು ಹಾಲೂಡುವ ಕುರಿಯ ರೆಪ್ಪೆ ಬಿಳಿಚಿತ್ತು, ದವಡೆಯ ಕೆಳಗೆ ಮೆತ್ತನೆ ಊತವೂ ಇತ್ತು. ಔಷಧಿ ಕೊಟ್ಟು, ಹಿಂಡಿ ಹೆಚ್ಚಿಸಿದ ಮೇಲೆ ಊತ ಇಳಿದಿದೆ. ರೆಪ್ಪೆಗೆ ಬಣ್ಣ ಬರಲು ಇನ್ನೂ ಸಮಯ ಬೇಕು.

ಗೊರಸುಗಳು ಒಣಗುತ್ತಿವೆ. ತೇವಕ್ಕೆ ಅವು ಕೊಳೆಯದಿರಲಿ ಅಂತ, ಕುರಿಗಳು ಕಾಲು ಅದ್ದಲು ಬಾಗಿಲ ಬಳಿ ಇಟ್ಟ 10% ಜಿಂಕ್ ಸಲ್ಫೇಟ್ ದ್ರಾವಣದ ತೊಟ್ಟಿ ಮುಂದುವರಿಯುತ್ತದೆ. ಬೂಸ್ಟು ಹಿಡಿದ ಹಿಂಡಿ ಮಾತ್ರ ಎಷ್ಟೇ ನಷ್ಟವಾದರೂ ಕುರಿಗೆ ಹಾಕಬೇಡಿ. ಬೂಸ್ಟಿನಲ್ಲಿರಬಹುದಾದ ಅಫ್ಲಟಾಕ್ಸಿನ್ ಎಂಬ ವಿಷ ಯಕೃತ್ತನ್ನು ಹಾಳುಮಾಡುತ್ತದೆ.

ಮುಂದಿನ ಕೆಲಸ: ಚಾವಣಿಯ ನೆತ್ತಿಯಲ್ಲಿ ಗಾಳಿ ಕಿಂಡಿ. ಬಿಸಿ ಗಾಳಿ ಮೇಲಿಂದ ಹೊರಹೋದ ಮೇಲೆ ಮಧ್ಯಾಹ್ನದ ಉಸಿರಿನ ಲೆಕ್ಕ ಎಷ್ಟು ಇಳಿಯುತ್ತದೋ ನೋಡಿ ಬರೆಯುತ್ತೇನೆ.