ಪಸ್ಕದ ಪಂಕ್ತಿಯಲ್ಲಿ ಕುಳಿತ ರಾತ್ರಿ

2022ರ ಏಪ್ರಿಲ್ 15ರ ಶುಕ್ರವಾರ ಕ್ರೈಸ್ತರಿಗೆ ಶುಭ ಶುಕ್ರವಾರ, ಮುಸ್ಲಿಮರಿಗೆ ರಂಜಾನ್ ಉಪವಾಸದ ನಡುಭಾಗ, ಐಗುಪ್ತದ (ಈಜಿಪ್ಟಿನ) ದಾಸ್ಯದಿಂದ ಪೂರ್ವಿಕರು ಬಿಡುಗಡೆಯಾದದ್ದನ್ನು ಯಹೂದಿಗಳು ನೆನೆಯುವ ಪಸ್ಕ ಹಬ್ಬದ ಮೊದಲ ರಾತ್ರಿ, ಬೆಳಗಾದರೆ ನಮಗೆ ದವನದ ಹುಣ್ಣಿಮೆ. ಯಹೂದಿಗಳ ನಿಸಾನ್ ಮಾಸವೂ ಚಂದ್ರನನ್ನೇ ಹಿಡಿದು ನಡೆಯುವುದರಿಂದ ಪಸ್ಕವು ಸದಾ ಹುಣ್ಣಿಮೆಯ ಆಸುಪಾಸಿನಲ್ಲೇ ಬರುತ್ತದೆ. ಆದರೆ ಇಷ್ಟು ವ್ರತಗಳು ಒಂದೇ ಹೊತ್ತಿಗೆ ಕೂಡಿಬರುವುದು ಅಪರೂಪ. ಅಂತಹ ಶುಭರಾತ್ರಿಯಲ್ಲಿ ನ್ಯೂಜೆರ್ಸಿಯ ಒಂದು ಯಹೂದಿ ಮನೆಯ ಪಂಕ್ತಿಯಲ್ಲಿ ಕುಳಿತುಕೊಳ್ಳುವ ಭಾಗ್ಯವನ್ನು ಭಗವಂತ ನನಗೆ ಕರುಣಿಸಿದನು.

ಆ ಮನೆಯವರು ಹಬ್ಬಕ್ಕೆ ಮುಂಚಿನ ವಾರವೆಲ್ಲ ಅಡುಗೆಮನೆಯನ್ನು ಶುದ್ಧಿ ಮಾಡುತ್ತಿದ್ದರು. ಗೋದಿ, ಬಾರ್ಲಿ ಮುಂತಾದ ಐದು ಧಾನ್ಯಗಳ ಹಿಟ್ಟಿಗೆ ನೀರು ತಾಗಿ ಹುದುಗು ಬಂದದ್ದೆಲ್ಲವೂ ಅವರಿಗೆ ಹಮೇತ್ಸ್. ಹಬ್ಬದ ದಿನಗಳಲ್ಲಿ ಅದರ ಒಂದು ಚೂರು ಕೂಡ ಮನೆಯಲ್ಲಿ ಉಳಿಯಕೂಡದು. ಹಿಂದಿನ ರಾತ್ರಿ ಮೇಣದ ಬತ್ತಿ ಹಿಡಿದು, ಹಕ್ಕಿಯ ಗರಿಯಿಂದ ಮೂಲೆಮೂಲೆಯನ್ನೂ ಗುಡಿಸಿ, ಸಿಕ್ಕಿದ್ದನ್ನು ಬೆಳಗ್ಗೆ ಸುಟ್ಟುಬಿಡುತ್ತಾರೆ. ಹುಳಿಯಿಲ್ಲದ ಮತ್ಸಾ ರೊಟ್ಟಿಯನ್ನು ಹಿಟ್ಟಿಗೆ ನೀರು ಬಿದ್ದ 18 ನಿಮಿಷಗಳೊಳಗೆ ಬೇಯಿಸಿ ಮುಗಿಸಬೇಕು. ಇದನ್ನೆಲ್ಲ ಕೇಳುವಾಗ ಹಬ್ಬದ ಮುನ್ನಾದಿನ ಡಬ್ಬಿಗಳನ್ನೆಲ್ಲ ಹಿತ್ತಲಿಗೆ ಹೊರಿಸಿ, ಹುಣಸೆಹಣ್ಣಿನಿಂದ ತಿಕ್ಕಿಸಿ, ಒಗೆದ ಸೀರೆಯನ್ನು ಗಳುವಿನ ಮೇಲೆ ಯಾರೂ ಮುಟ್ಟದಂತೆ ಒಣಹಾಕಿಸುತ್ತಿದ್ದ ನನ್ನ ಅಜ್ಜಿಯ ಮಡಿಯೇ ಕಣ್ಣೆದುರು ನಿಂತಿತು.

ಇಷ್ಟು ಕಟ್ಟುನಿಟ್ಟಿನ ಮನೆಯಲ್ಲಿ ಅನ್ಯಮತದವರಿಗೆ ಎಲ್ಲಿಯ ಸ್ಥಳ ಎಂದು ಕೆಲವರು ಕೇಳಬಹುದು. ನಾನು ಕಂಡದ್ದು ಅದಕ್ಕೆ ತೀರ ಭಿನ್ನವಾಗಿತ್ತು. ರೋಜಾ ಹಿಡಿದಿದ್ದ ಗೆಳತಿಗೆ ಸೂರ್ಯಾಸ್ತದ ಹೊತ್ತಿಗೆ ಸರಿಯಾಗಿ ಖರ್ಜೂರವೂ ನೀರೂ ಸಿದ್ಧವಾಗಿದ್ದವು. ಅವಳ ನಮಾಜಿಗೆ ಒಳಗಿನ ಕೋಣೆಯನ್ನು ಬಿಟ್ಟುಕೊಟ್ಟಿದ್ದರು, ವಿಧಿಯ ನಾಲ್ಕು ಬಟ್ಟಲು ದ್ರಾಕ್ಷಾರಸವನ್ನು ಅವಳಿಗೂ ನನಗೂ ಮದ್ಯವಲ್ಲದ ಹಣ್ಣಿನ ರಸದಲ್ಲಿ ತುಂಬಿದ್ದರು. ಮಂಗಳೂರು ಮೂಲದ ಕ್ಯಾಥೊಲಿಕ್ ಗೆಳತಿ ಮಧ್ಯಾಹ್ನವೆಲ್ಲ ಚರ್ಚಿನಲ್ಲಿದ್ದು ಬಂದಿದ್ದಳು. ಆ ದಿನ ಅವಳು ಮಾಂಸ ಮುಟ್ಟುವಂತಿರಲಿಲ್ಲವಾದ್ದರಿಂದ, ನನಗಾಗಿ ಬೇರೆ ಪಾತ್ರೆಯಲ್ಲಿ ಬೇಯಿಸಿಟ್ಟ ಆಲೂಗಡ್ಡೆ, ಸೊಪ್ಪುಗಳನ್ನೇ ನಾವಿಬ್ಬರೂ ಹಂಚಿಕೊಂಡೆವು. ಸ್ವಂತ ನಿಯಮವನ್ನು ಪ್ರಾಣದಂತೆ ಕಾಪಾಡುವವರಿಗೇ ಇತರರ ನಿಯಮದ ಬೆಲೆ ತಿಳಿದಿರುತ್ತದೆ ಎಂಬ ನಂಬಿಕೆ ನನ್ನಲ್ಲಿ ಅಂದು ದೃಢವಾಯಿತು. ಎಲ್ಲವನ್ನೂ ಸಡಿಲಿಸಿದರೆ ಮಾತ್ರ ಸೌಹಾರ್ದ ಎಂದು ಇಂದು ಹೇಳುವವರನ್ನು ನಾನು ಒಪ್ಪಲಾರೆ.

ಆ ರಾತ್ರಿಯ ವಿಧಿಗೆ ಸೇಡರ್ ಎಂದು ಹೆಸರು. ಅದರಲ್ಲಿ ಕಥೆ ಹೇಳುವುದೇ ಪೂಜೆ. ಹಗ್ಗಾದಾ ಎಂಬ ಗ್ರಂಥವನ್ನು ತೆರೆದು ಮತ್ಸಾವನ್ನು ಎತ್ತಿ ಹಿಡಿದು, ಹಸಿದವರೆಲ್ಲರೂ ಬಂದು ಉಣ್ಣಲಿ ಎಂದು ಮೊದಲು ಕರೆಯುತ್ತಾರೆ. ಬಳಿಕ ಮನೆಯ ಅತ್ಯಂತ ಕಿರಿಯ ಮಗು, ಮಿಕ್ಕ ರಾತ್ರಿಗಳಿಗಿಂತ ಈ ರಾತ್ರಿ ಏಕೆ ಬೇರೆ ಎಂದು ಕೇಳಬೇಕು. ಮಗುವಿಲ್ಲದ ಮನೆಯಲ್ಲಿ ಹೆಂಡತಿ ಕೇಳಬೇಕು, ಒಬ್ಬನೇ ಇದ್ದರೂ ತನ್ನನ್ನು ತಾನೇ ಕೇಳಿಕೊಳ್ಳಬೇಕು ಎಂದು ಅವರ ಪ್ರಾಚೀನ ಧರ್ಮಶಾಸ್ತ್ರ ಗ್ರಂಥವಾದ ತಾಲ್ಮುದ್ ವಿಧಿಸುತ್ತದೆ. ಐಗುಪ್ತದ ದಾಸ್ಯ, ಗಂಡು ಶಿಶುಗಳನ್ನು ನದಿಗೆ ಎಸೆಯಿಸಿದ ಫರೋಹ, ಬುಟ್ಟಿಯಲ್ಲಿ ಬದುಕುಳಿದ ಮೋಶೆ, ಹತ್ತು ಬಾಧೆಗಳು, ಇಬ್ಭಾಗವಾದ ಸಮುದ್ರ ಇವೆಲ್ಲ ಆ ಪ್ರಶ್ನೆಯ ಉತ್ತರದ ರೂಪದಲ್ಲೇ ಬಂದವು. ಬಾಧೆಗಳ ಹೆಸರು ಹೇಳುವಾಗ ಒಂದೊಂದಕ್ಕೂ ಬಟ್ಟಲಿನಿಂದ ಒಂದು ಹನಿ ರಸವನ್ನು ಹೊರಗೆ ತೆಗೆದರು. ಶತ್ರುಗಳು ನೊಂದಾಗಲೂ ನಮ್ಮ ಸಂತೋಷ ಅಷ್ಟು ಕಡಿಮೆಯಾಗಬೇಕು ಎಂದು ಮನೆಯೊಡತಿ ವಿವರಿಸಿದಳು. ಮುಸ್ಲಿಮರು ಮೂಸಾ ಪ್ರವಾದಿ ಎಂದು ಕರೆಯುವ ಇದೇ ಮೋಶೆಯ ವಿಮೋಚನೆಯನ್ನು ನೆನೆದು ತಮ್ಮವರು ಆಶೂರಾ ಉಪವಾಸ ಮಾಡುವರೆಂದು ಒಬ್ಬ ಗೆಳತಿ ಹೇಳಿದರೆ, ಯೇಸುವಿನ ಕಡೆಯ ಭೋಜನ ಈ ಹಬ್ಬದ ಕಾಲದ್ದೇ ಎಂದು ಇನ್ನೊಬ್ಬಳು ನೆನಪಿಸಿದಳು. ನನಗೆ ಕಂಸನ ಸೆರೆಮನೆಯೂ ಯಮುನೆಯೂ ನೆನಪಾದವು.

ಎಲ್ಲಕ್ಕಿಂತ ಹೆಚ್ಚಾಗಿ ಮನಸ್ಸಿನಲ್ಲಿ ಉಳಿದದ್ದು ಮರೋರ್ ಎಂಬ ಕಹಿ ಪ್ರಸಾದ. ಮನೆಯ ಹಿರಿಯಜ್ಜಿ, ಶುಕ್ರವಾರದ ಸೂರ್ಯಾಸ್ತಕ್ಕೆ ಆರಂಭವಾಗುವ ವಾರದ ವಿಶ್ರಾಂತಿಯ ದಿನವಾದ ಸಬ್ಬತ್ ಹಿಡಿಯುವ ಮೊದಲೇ ಹಾರ್ಸ್‌ರ್ಯಾಡಿಷ್ ಗೆಡ್ಡೆಯನ್ನು ತಾನೇ ತುರಿದು ಮುಚ್ಚಿಟ್ಟಿದ್ದಳು. ಮುಚ್ಚಳ ತೆಗೆದೊಡನೆ ಮೂಗು ಉರಿಯಿತು. ಸೇಬು, ಅಕ್ರೋಟು, ದಾಲ್ಚಿನ್ನಿ ಕಲಸಿದ ಸಿಹಿ ಹರೋಸೆತ್‌ಗೆ ಅದನ್ನು ಸ್ವಲ್ಪವೇ ತಾಗಿಸಿ ಕೊಟ್ಟಾಗ, ಒಮ್ಮೆಗೇ ನುಂಗಿಬಿಡೋಣವೆಂದುಕೊಂಡೆ. ಅಜ್ಜಿ ನನ್ನ ಕೈಯನ್ನು ಹಿಡಿದು, ಜಗಿಯಬೇಕು ಎಂದಳು. ಮತ್ಸಾವನ್ನು ಹಾಗೆಯೇ ನುಂಗಿದರೂ ವಿಧಿ ಸಲ್ಲುತ್ತದೆಯಂತೆ, ಆದರೆ ಕಹಿಯನ್ನು ರುಚಿಸದೆ ನುಂಗಿದರೆ ಸಲ್ಲುವುದಿಲ್ಲವಂತೆ. ಇದು ಕೂಡ ತಾಲ್ಮುದಿನ ಮಾತೇ. ಜಗಿದೆ. ನೆತ್ತಿಯವರೆಗೆ ಏರಿದ ಆ ಖಾರಕ್ಕೆ ಕಣ್ಣೀರು ತಾನಾಗಿ ಇಳಿಯಿತು. ಸುತ್ತಲಿದ್ದವರೆಲ್ಲರ ಕಣ್ಣಲ್ಲೂ ನೀರಿತ್ತು, ಮಕ್ಕಳ ಕಣ್ಣಲ್ಲಿ ಕೂಡ. ಪ್ರತಿ ತಲೆಮಾರಿನವನೂ ತಾನೇ ಐಗುಪ್ತದಿಂದ ಹೊರಟು ಬಂದವನೆಂದು ಭಾವಿಸಬೇಕೆಂಬ ವಿಧಿ ಅವರಲ್ಲಿದೆ. ಮೂರು ಸಾವಿರ ವರ್ಷಗಳಿಂದ ಹೇಳಿಕೊಂಡು ಬಂದ ದಾಸ್ಯದ ನೆನಪು ಹೀಗೆ ಪ್ರತಿ ವರ್ಷ ನಾಲಿಗೆಯ ಮೇಲೆ ಹೊಸದಾಗುವುದನ್ನು ಕಂಡು ನನ್ನ ಮೈ ನವಿರೆದ್ದಿತು.

ಈ ಪಂಕ್ತಿ ಹೊರಗಿನವರಿಗೆ ತೆರೆದುಕೊಂಡದ್ದು ನಿನ್ನೆ ಮೊನ್ನೆಯ ಮಾತಲ್ಲ. 1968ರಲ್ಲಿ ಯಹೂದಿ ಧರ್ಮಗುರು ರಬ್ಬಿ ಅಬ್ರಹಾಂ ಜೋಶುವಾ ಹೆಶೆಲ್ ತಮ್ಮ ಮನೆಯ ಸೇಡರ್‌ಗೆ ಅಮೆರಿಕದ ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಆಹ್ವಾನಿಸಿದ್ದರು. ಹಬ್ಬಕ್ಕೆ ಎಂಟು ದಿನಗಳಿರುವಾಗ, ಏಪ್ರಿಲ್ 4ರಂದು, ಕಿಂಗ್ ಅವರ ಹತ್ಯೆಯಾಯಿತು. ಮರುವರ್ಷ ಅದೇ ದಿನ ವಾಷಿಂಗ್ಟನ್ನಿನ ಒಂದು ಕಪ್ಪು ಜನರ ಚರ್ಚಿನ ನೆಲಮಾಳಿಗೆಯಲ್ಲಿ ಸುಮಾರು 800 ಮಂದಿ ಯಹೂದಿಗಳೂ ಕ್ರೈಸ್ತರೂ ಒಟ್ಟಿಗೆ ಕುಳಿತು ಸ್ವಾತಂತ್ರ್ಯದ ಸೇಡರ್ ಆಚರಿಸಿದರು.

ಊಟದ ನಂತರವೂ ವಿಧಿ ಮುಂದುವರಿಯುತ್ತದೆ: ಪ್ರವಾದಿ ಎಲೀಯನಿಗಾಗಿ ಬಾಗಿಲು ತೆರೆಯುವುದು, ಆತನ ಕೃಪೆ ಶಾಶ್ವತ ಎಂಬ ಪಲ್ಲವಿ 26 ಬಾರಿ ಬರುವ ಕೀರ್ತನೆಯನ್ನು ಹಾಡುವುದು. ಈಗಿನವರು ಉಂಡೊಡನೆ ಎದ್ದುಬಿಡುತ್ತಾರೆ ಎಂದು ಹಿರಿಯಜ್ಜಿ ಬೇಸರಪಟ್ಟುಕೊಂಡಾಗ ನನಗೆ ನಮ್ಮವರ ನೆನಪಾಗಿ ಸಂಕಟವಾಯಿತು. ಇಂದು ನಮ್ಮ ಎಷ್ಟೋ ಮನೆಗಳಲ್ಲಿ ಮಂಟಪದ ಅಲಂಕಾರಕ್ಕೆ ಮೂರು ದಿನ, ಛಾಯಾಚಿತ್ರಕ್ಕೆ ಒಂದು ಗಂಟೆ; ವ್ರತಕಥೆಯನ್ನು ಮಾತ್ರ ಮೊಬೈಲಿನಲ್ಲಿ ಹಾಕಿ ಅಡುಗೆಮನೆಗೆ ಹೋಗಿಬಿಡುತ್ತೇವೆ. ಅಕ್ಷತೆ ಕೈಯಲ್ಲಿ ಹಿಡಿದು ಕಥೆ ಕೇಳದಿದ್ದರೆ ವ್ರತ ಪೂರ್ಣವಾಗದು ಎಂದು ಹಿರಿಯರು ಹೇಳುತ್ತಿದ್ದದ್ದನ್ನು ನಾವೇ ಮರೆತರೆ ಮಕ್ಕಳು ಏನನ್ನು ಕೇಳಬೇಕು?

ಆ ವರ್ಷದ ಶ್ರಾವಣದಲ್ಲಿ ವರಮಹಾಲಕ್ಷ್ಮಿ ವ್ರತಕ್ಕೆ ಆ ಯಹೂದಿ ಮನೆಯವರನ್ನು ಕರೆದೆವು. ಶುಕ್ರವಾರ ಸೂರ್ಯಾಸ್ತಕ್ಕೆ ಮುನ್ನ ಸಬ್ಬತ್ತಿಗೆ ಅವರು ಮನೆ ಸೇರಬೇಕಾದ್ದರಿಂದ ಪೂಜೆಯನ್ನು ಬೆಳಗ್ಗೆಯೇ ಇಟ್ಟುಕೊಂಡೆವು. ಅವರು ವಿಗ್ರಹಕ್ಕೆ ಕೈಮುಗಿಯಲಿಲ್ಲ, ನೈವೇದ್ಯ ಸ್ವೀಕರಿಸಲಿಲ್ಲ. ಅವರಿಗೆಂದೇ ಬೇರೆ ಇಟ್ಟಿದ್ದ ಇಡೀ ಹಣ್ಣುಗಳನ್ನು ಪ್ರೀತಿಯಿಂದ ತಿಂದರು. ಕಥೆಯನ್ನು ಈ ಬಾರಿ ನಾನೇ ಓದಿದೆ, ಒಂದೊಂದು ಭಾಗವನ್ನೂ ಅವರಿಗೆ ತಿಳಿಯುವಂತೆ ವಿವರಿಸುತ್ತ. ಕುಂಡಿನ ನಗರದ ಚಾರುಮತಿಯ ಕನಸಿಗೆ ದೇವಿ ಬಂದಳೆಂಬಲ್ಲಿಗೆ ಬಂದಾಗ ಅವರ ಮೊಮ್ಮಗಳು, ಊರಲ್ಲಿ ಅಷ್ಟು ಜನರಿರುವಾಗ ಅವಳ ಬಳಿಗೇ ಏಕೆ ಬಂದಳು ಎಂದು ಕೇಳಿದಳು. ನಾನು ಯೋಚಿಸುತ್ತಿರುವಾಗಲೇ ನನ್ನ ಮಗ ಉತ್ತರಿಸಿದನು: ಅವಳಾದರೆ ಆ ವ್ರತವನ್ನು ಒಬ್ಬಳೇ ಮಾಡದೆ ಊರ ಹೆಂಗಸರನ್ನೆಲ್ಲ ಕರೆಯುತ್ತಾಳೆ ಎಂದು ದೇವಿಗೆ ಗೊತ್ತಿತ್ತು.