ಬಕೆಟ್ ನೀರಿನಲ್ಲಿ ಮುಳುಗಿದ ಚೂರು

ಇಂದು ಬೆಳಿಗ್ಗೆ ಪೀಣ್ಯದ ನಮ್ಮ ಪ್ಲಾಸ್ಟಿಕ್ ಅಚ್ಚಿನ ಘಟಕದಲ್ಲಿ, ಪುಡಿ ಮಾಡುವ ಗ್ರೈಂಡರಿಗೆ ಹಾಕಬೇಕಿದ್ದ ಗುಜರಿ ಪ್ಲಾಸ್ಟಿಕ್ಕಿನ ಚೀಲದಿಂದ ಒಂದು ಹಿಡಿ ಚೂರುಗಳನ್ನು ತೆಗೆದು ಬಕೆಟ್ ನೀರಿಗೆ ಹಾಕಿದೆ.

ಎಲ್ಲವೂ ತೇಲಿದವು. ಹೆಬ್ಬೆರಳಿನ ಉಗುರಿನಷ್ಟಿದ್ದ ಒಂದು ಬಿಳಿ ಚೂರು ಮಾತ್ರ ಹೊರಳುತ್ತಾ ನಿಧಾನವಾಗಿ ತಳಕ್ಕೆ ಇಳಿಯಿತು.

ನಾವು ಅಚ್ಚಿಗೆ ಹಾಕುವ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನ ಸಾಂದ್ರತೆ, ನೀರಿನದು 1 ಎಂದರೆ, 0.9ರ ಆಸುಪಾಸಿನದು, ಹಾಗಾಗಿ ಅದು ನೀರಿನ ಮೇಲೆಯೇ ನಿಲ್ಲುತ್ತದೆ. ಗಟ್ಟಿ ಪಿವಿಸಿಯದು, ಅಂದರೆ ನೀರಿನ ಪೈಪುಗಳ ಪ್ಲಾಸ್ಟಿಕ್ಕಿನದು, ಸುಮಾರು 1.4; ಮುಳುಗಿದ್ದು ಅದೇ. ನೋಡುವುದಕ್ಕೆ ಎರಡೂ ಒಂದೇ ಬಿಳುಪು. ಆದರೆ ಪಾಲಿಪ್ರೊಪಿಲೀನನ್ನು ಅಚ್ಚಿಗೆ ಹರಿಸಲು ಬೇಕಾಗುವ 200 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖದಲ್ಲಿ ಪಿವಿಸಿ ಕೆಟ್ಟು, ಹೈಡ್ರೋಜನ್ ಕ್ಲೋರೈಡ್ ಅನಿಲವನ್ನು ಬಿಡುತ್ತದೆ, ಅದು ಯಂತ್ರದ ಸ್ಕ್ರೂ ಮತ್ತು ಅಚ್ಚಿನ ಉಕ್ಕನ್ನೇ ತಿನ್ನತೊಡಗುತ್ತದೆ.

ಅಚ್ಚಿನಿಂದ ಪ್ರತಿ ಸಲವೂ ವಸ್ತುವಿನ ಜೊತೆ ಹೊರಬೀಳುವ ರನ್ನರ್ ಕಡ್ಡಿಗಳನ್ನು (ಕರಗಿದ ಪ್ಲಾಸ್ಟಿಕ್ ಹರಿದ ದಾರಿಯಲ್ಲೇ ಗಟ್ಟಿಯಾದವು) ಕಸವೆಂದು ಕರೆಯುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ಅವು ಯಾರ ಕೈಯಲ್ಲಿಯೂ ಒಂದು ದಿನ ಬಳಕೆಯಾಗದ, ಒಂದೇ ಒಂದು ಸಲ ಕರಗಿದ ಒಳ್ಳೆಯ ಮಾಲು. ಪುಡಿ ಮಾಡಿ, ಹೊಸ ಹರಳುಗಳೊಂದಿಗೆ ಹದವರಿತು ಬೆರೆಸಿದರೆ ಅದೇ ಯಂತ್ರಕ್ಕೆ ಮರಳಿ ಹೋಗುತ್ತವೆ. ಪ್ರತಿ ಬಿಸಿಗೂ ಅಣುಗಳ ಸರಪಳಿ ಸ್ವಲ್ಪ ಸ್ವಲ್ಪವೇ ತುಂಡಾಗುವುದರಿಂದ ಬೆರಕೆಗೆ ಮಿತಿಯಿದೆ, ನಿಜ. ಆದರೂ ಅವುಗಳ ದೊಡ್ಡ ಶತ್ರು ಶಾಖವಲ್ಲ, ನೆಲ ಗುಡಿಸಿ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುವ ನಮ್ಮ ಆತುರ.

ಚೀಲವನ್ನು ಪೂರ್ತಿ ನೆಲಕ್ಕೆ ಸುರಿದು, ಮಧ್ಯಾಹ್ನದವರೆಗೆ ಇಬ್ಬರು ಕೂತು ಆರಿಸಿದೆವು. ಮುಳುಗುವ ಬಿಳಿ ಚೂರುಗಳು ಇನ್ನೂ ಹನ್ನೊಂದು ಸಿಕ್ಕಿದವು.