ತಡವಾಗಿ ಹಾಕಿದ ತರಕಾರಿ ಮಡಿ

ವಸಂತ ಮುಗಿಯುತ್ತಾ ಬಂತು, ನಾನು ಈಗಷ್ಟೇ ತರಕಾರಿ ಮಡಿ ಮಾಡಿದ್ದೇನೆ. ‘ಈಗ್ಯಾಕೆ, ಮುಂದಿನ ವರ್ಷ ನೋಡು’ ಅನ್ನುವವರೇ ಜಾಸ್ತಿ. ಆದರೆ ಬೀನ್ಸ್, ಬೆಂಡೆ, ಸೌತೆ ಇವಕ್ಕೆಲ್ಲ ಬೇಕಿರುವುದು ಬೆಚ್ಚಗಿನ ಮಣ್ಣು. ಮೊದಲೇ ಹಾಕಿದ್ದರೆ ತಣ್ಣನೆ ಒದ್ದೆ ಮಣ್ಣಲ್ಲಿ ಬೀಜ ಕೊಳೆಯುವ ಸಾಧ್ಯತೆಯೂ ಇತ್ತಲ್ವಾ?

ಬೀನ್ಸ್ ಆಗಲೇ ಮೊಳೆತಿದೆ. ಎಲೆ ಮೊದಲು ಬರುವುದಿಲ್ಲ, ಬಗ್ಗಿದ ಕುತ್ತಿಗೆ ಬರುತ್ತದೆ, ಅದು ಮೇಲಿನ ಗಟ್ಟಿ ಮಣ್ಣನ್ನು ಸೀಳಿಕೊಂಡು ಎದ್ದು ಆಮೇಲೆ ನಿಧಾನಕ್ಕೆ ತಲೆ ಎತ್ತುತ್ತದೆ, ಒಂದೊಂದರ ತಲೆ ಮೇಲೆ ಬೀಜದ ಸಿಪ್ಪೆ ಇನ್ನೂ ಟೋಪಿ ಥರ ಅಂಟಿಕೊಂಡಿರುತ್ತದೆ. ಕೀಳಬೇಕು ಅನ್ನಿಸುತ್ತದೆ. ಕೀಳಬಾರದು, ತಾನೇ ಉದುರುತ್ತದೆ. ಸುಮ್ನೆ ನೋಡುತ್ತಾ ಕೂತರೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ, ಫೋನ್ ಕೂಡ ನೆನಪಾಗಲ್ಲ.

ಟೊಮೇಟೊಗೆ ಮಾತ್ರ ಸಸಿಯನ್ನೇ ತಂದೆ. ಬೀಜದಿಂದ ಶುರು ಮಾಡಿದರೆ ನಾಟಿಗೆ ಬರೋಕೇ 6ರಿಂದ 8 ವಾರ ಬೇಕು. ಕಾಂಡವನ್ನು ಅರ್ಧದವರೆಗೆ ಹೂತಿದ್ದೇನೆ, ಹೂತ ಭಾಗದಲ್ಲೂ ಬೇರು ಬಿಡುತ್ತದೆ. ಪಾಲಕ್ ಈ ಸಲ ಬೇಡ. ಬಿಸಿಲು ಏರಿ ಹಗಲು ಉದ್ದವಾದರೆ ಎಲೆ ಬಿಡುವುದು ಬಿಟ್ಟು ಹೂವಿಗೆ ಹೋಗುತ್ತದೆ. ಆ ಜಾಗಕ್ಕೆ ಹರಿವೆ ಚೆಲ್ಲಿದ್ದೇನೆ, ಅದಕ್ಕೆ ಸೆಕೆ ಇದ್ದಷ್ಟೂ ಖುಷಿ.